ಆ ಹುಡುಗಿಯನ್ನು ಯಾಕೆ ಬಿಟ್ಟೆ?

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಮ್. ನಿನ್ನ ಹಸ್ತಪ್ರತಿ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. 'ಇನ್ನು ಬರೆಯುವುದೇ ಬೇಡ ಅನ್ನಿಸುತ್ತಿದೆ' ಎಂದಿದ್ದೀಯಲ್ಲ, ಅದಕ್ಕೇ ಕೂಡಲೇ ಉತ್ತರ ಬರೆಯುತ್ತಿದ್ದೇನೆ. ಅಧ್ಯಾಯ ಎಷ್ಟುದ್ದ ಇರಬೇಕು, ಅರಬಿ ಹೆಸರುಗಳನ್ನು ಹೇಗೆ ಬರೆಯಬೇಕು, ಯಾವ ಪ್ರಕಾಶಕರು ಒಳ್ಳೆಯವರು ಅಂತೆಲ್ಲ ಕೇಳಿದ್ದೀಯ. ಅದನ್ನು ಬೇರೆಯವರ ಹತ್ತಿರ ಕೇಳು. ನನ್ನದು ಒಂದೇ ತಕರಾರು.

ಫಿಕ್ಹ್‌ನ, ಅಂದರೆ ಇಸ್ಲಾಮಿ ಧರ್ಮಶಾಸ್ತ್ರದ, ಸೂತ್ರಗಳ ಬಗ್ಗೆ ಇಷ್ಟು ಬರೆದು ಅಪವಾದಗಳನ್ನೆಲ್ಲ ಯಾಕೆ ಕೈಬಿಟ್ಟೆ?

ಐದು ದೊಡ್ಡ ಸೂತ್ರಗಳನ್ನು ಚೆಂದವಾಗಿ ಕನ್ನಡಕ್ಕೆ ತಂದಿದ್ದೀಯ. ಕೆಲಸವನ್ನು ಉದ್ದೇಶದಿಂದ ಅಳೆಯಬೇಕು. ಖಚಿತವಾದದ್ದು ಸಂಶಯದಿಂದ ಅಳಿಯುವುದಿಲ್ಲ. ಕಷ್ಟ ಇದ್ದಲ್ಲಿ ಸಡಿಲಿಕೆ ಉಂಟು. ಹಾನಿಯನ್ನು ನಿವಾರಿಸಬೇಕು. ರೂಢಿಗೂ ತೀರ್ಪು ಹೇಳುವ ಬಲ ಇದೆ. ಸರಿ, ಆಮೇಲೆ? ಪ್ರತಿ ಸೂತ್ರದ ಕೆಳಗೆ ಒಂದು ಪುಟ ಹೊಗಳಿಕೆ. ಕ್ಯಾಲೆಂಡರಿನ ಸುಭಾಷಿತದ ಹಾಗೆ ಆಗಿಬಿಟ್ಟಿದೆ.

1505ರಲ್ಲಿ ತೀರಿಕೊಂಡ ಕೈರೋದ ವಿದ್ವಾಂಸ ಸುಯೂತಿಯ 'ಅಲ್ ಅಶ್ಬಾಹ್ ವನ್ನಝಾಇರ್' ಪುಸ್ತಕವನ್ನು ನೀನು ಓದಿದ್ದೀಯ. ನಮಾಝಿಗೆ ಮೊದಲಿನ ಅಂಗಶುದ್ಧಿಯಾದ ವುಝೂ ಮಾಡಿದ್ದು ಖಚಿತ, ಮುರಿಯಿತೋ ಇಲ್ಲವೋ ಅನುಮಾನ ಎಂದರೆ ವುಝೂ ಇದೆ ಅಂತಲೇ ಲೆಕ್ಕ. ಇಷ್ಟನ್ನು ಹೇಳಿ ನೀನು ನಿಲ್ಲಿಸಿದೆ. ಸುಯೂತಿ ನಿಲ್ಲಿಸಲಿಲ್ಲ. 10ನೇ ಶತಮಾನದ ಇಬ್ನುಲ್ ಖಾಸ್ಸ್ ಎಂಬ ವಿದ್ವಾಂಸರು ಈ ಸೂತ್ರಕ್ಕೆ ಕೊಟ್ಟ 11 ಅಪವಾದಗಳನ್ನು ಎತ್ತಿಕೊಂಡರು. ಚರ್ಮದ ಕಾಲುಚೀಲ ಹಾಕಿದವನು ವುಝೂ ಮಾಡುವಾಗ ಕಾಲು ತೊಳೆಯುವ ಬದಲು ಮೇಲಿಂದ ಒರೆಸಬಹುದು. ಊರಲ್ಲಿದ್ದರೆ ಒಂದು ಹಗಲು ಒಂದು ರಾತ್ರಿ, ಪ್ರಯಾಣದಲ್ಲಿದ್ದರೆ ಮೂರು. ಅವಧಿ ಮುಗಿಯಿತೋ ಇಲ್ಲವೋ ಎಂಬ ಅನುಮಾನ ಬಂದರೆ? ಮುಗಿಯಿತು ಅಂತಲೇ ಲೆಕ್ಕ. ಇಲ್ಲಿ ಅನುಮಾನ ಗೆದ್ದಿತು, ಅಲ್ವಾ? ಇಲ್ಲ ಎನ್ನುತ್ತಾರೆ ಖಫ್ಫಾಲ್ ಎಂಬ ಇನ್ನೊಬ್ಬ ವಿದ್ವಾಂಸರು. ಕಾಲು ತೊಳೆಯುವುದು ಮೂಲ ನಿಯಮ, ಒರೆಸುವುದು ಷರತ್ತಿನ ಮೇಲೆ ಸಿಕ್ಕ ರಿಯಾಯಿತಿ. ಷರತ್ತೇ ಅನುಮಾನವಾದರೆ ಮೂಲಕ್ಕೆ ಮರಳಬೇಕು. ಅಂದರೆ ಅಪವಾದದ ಅಡಿಯಲ್ಲೂ ಒಂದು ಖಚಿತ ಇತ್ತು! ಈ ಜಗಳ ಓದುವಾಗ ನನಗೆ ನಿದ್ದೆ ಹಾರಿಹೋಗಿತ್ತು. ನಿನ್ನ ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ.

ಹಿಂದೊಮ್ಮೆ ಒಂದು ಪತ್ರಿಕೆಗೆ ಇದೇ ವಿಷಯ ಬರೆದುಕೊಟ್ಟಿದ್ದೆ. ಸಂಪಾದಕರು ಐದು ಸೂತ್ರಗಳನ್ನು ಬಾಕ್ಸ್ ಕಟ್ಟಿ ಹಾಕಿ, ಉಳಿದದ್ದನ್ನು ಜಾಗ ಇಲ್ಲ ಅಂತ ಕತ್ತರಿಸಿದರು. ಪಕ್ಕದಲ್ಲಿ ಅರ್ಧ ಪುಟ ರಾಶಿಭವಿಷ್ಯ! ಓದಿದವರು ಫೋನ್ ಮಾಡಿ 'ಎಷ್ಟು ಚೆನ್ನಾಗಿದೆ' ಅಂದರು. ಅದಕ್ಕೆ ಇನ್ನೂ ಜಾಸ್ತಿ ಉರಿಯಿತು. ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ ಅಂತ ಬೇಕಾದರೆ ತಿಳಿದುಕೋ.

ನಮ್ಮ ಕರಾವಳಿಯಲ್ಲಿ ಫಿಕ್ಹ್‌ನ ಶಾಫಿಈ ಪಂಥದವರೇ ಹೆಚ್ಚು, ಹಾಗಾಗಿ ನಿನಗೆ ಸುಯೂತಿ ಸಾಕಾಯಿತೇನೋ. ಹನಫಿ ಪಂಥದವರನ್ನೂ ಓದು. 1563ರಲ್ಲಿ ತೀರಿಕೊಂಡ ಇಬ್ನ್ ನುಜೈಮ್ ಕೂಡ ಕೈರೋದವರೇ, ಅವರ ಪುಸ್ತಕಕ್ಕೂ ಅದೇ ಹೆಸರು. 'ಮಾತಾಡದವನ ಬಾಯಿಗೆ ಮಾತು ತುರುಕಬಾರದು' ಎಂಬ ಸೂತ್ರದ ಬೆನ್ನಿಗೇ, ಮೌನವೂ ಮಾತಾಗುವ 30ಕ್ಕೂ ಹೆಚ್ಚು ಸಂದರ್ಭಗಳನ್ನು ಅವರು ಪಟ್ಟಿ ಮಾಡುತ್ತಾರೆ. ಮೊದಲನೆಯದೇ ಮದುವೆಗೆ ಒಪ್ಪಿಗೆ ಕೇಳಿದಾಗ ಸುಮ್ಮನಿರುವ ಕನ್ಯೆ. ಅವಳ ಮೌನವೇ ಒಪ್ಪಿಗೆ. ಮೊದಲೊಮ್ಮೆ ಮದುವೆಯಾದವಳಿಗೆ ಇದು ಅನ್ವಯಿಸುವುದಿಲ್ಲ, ಅವಳು ಬಾಯಿಬಿಟ್ಟು ಹೇಳಬೇಕು. ಹುಡುಗಿ ನಕ್ಕರೆ? ಗೇಲಿಯ ನಗುವಾದರೆ ಒಪ್ಪಿಗೆಯಲ್ಲ. ಅತ್ತರೆ? ಸದ್ದಿಲ್ಲದೆ ಅತ್ತರೆ ಅದು ನಿರಾಕರಣೆಯಲ್ಲ ಎಂದು ಹನಫಿ ಗ್ರಂಥಗಳಲ್ಲಿ ಒಂದು ಮಾತಿದೆ. ಆ ತೀರ್ಪು ನಿನಗೆ ಹಿಡಿಸುತ್ತದೋ ಇಲ್ಲವೋ, ಬರೆ. ಆದರೆ ಫಖೀಹರು, ಅಂದರೆ ಫಿಕ್ಹ್ ವಿದ್ವಾಂಸರು, ಒಬ್ಬ ಹುಡುಗಿಯ ಅಳುವಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದಾರಲ್ಲ! ನೀನು ಮೌನದ ಅಧ್ಯಾಯದಲ್ಲಿ ಸೂತ್ರ ಹೇಳಿ, ವಾಕ್ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿ, ಆ ಹುಡುಗಿಯನ್ನು ಬಿಟ್ಟು ಹೊರಟೇ ಹೋದೆ.

ತುರ್ಕಿಯ ಒಟ್ಟೋಮನ್ ಸಾಮ್ರಾಜ್ಯದ ಕಾನೂನು ಸಂಹಿತೆ ಮಜಲ್ಲದ 99 ಸೂತ್ರಗಳನ್ನು ಎಷ್ಟು ಅಚ್ಚುಕಟ್ಟು ಅಂತ ಹೊಗಳಿದ್ದೀಯ. ಅದರ ಆರಂಭದ ವರದಿಯನ್ನು ಮತ್ತೊಮ್ಮೆ ನೋಡು. ಬರೀ ಸೂತ್ರ ಹಿಡಿದುಕೊಂಡು ಖಾಝಿ ತೀರ್ಪು ಕೊಡಬಾರದು ಎಂದು ಅದನ್ನು ರಚಿಸಿದವರೇ ಹೇಳಿದ್ದಾರೆ. ವ್ಯಾಖ್ಯಾನಗಳು ಹುಟ್ಟಿದ್ದು ಸುಮ್ನೆ ಅಲ್ಲ.

ಅಬೂ ತಾಹಿರ್ ದಬ್ಬಾಸರ ಕಥೆ ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡ. ಕುರುಡು ವಿದ್ವಾಂಸರು ರಾತ್ರಿ ಎಲ್ಲರೂ ಹೋದ ಮೇಲೆ ಮಸೀದಿಯಲ್ಲಿ ತಮ್ಮ 17 ಸೂತ್ರಗಳನ್ನು ಹೇಳಿಕೊಳ್ಳುವುದು, ಹೆರಾತಿನವನು ಚಾಪೆಯಲ್ಲಿ ಸುತ್ತಿಕೊಂಡು ಕದ್ದು ಕೇಳುವುದು, ಏಳು ಸೂತ್ರ ಆಗುವಾಗ ಕೆಮ್ಮು ಬಂದು ಏಟು ತಿನ್ನುವುದು. ನಕ್ಕೆ. ಇಷ್ಟು ಬರೆಯಬಲ್ಲವಳು ಉಳಿದದ್ದನ್ನು ಯಾಕೆ ಹಾಗೆ ಬರೆದಳೋ.

ಪ್ರಕಾಶಕರು ಮೂರು ತಿಂಗಳಿಂದ ಉತ್ತರಿಸಿಲ್ಲ ಅಂತ ಅತ್ತಿದ್ದೀಯ. ಮಜಲ್ಲದ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಅಲೆಪ್ಪೊದ ಅಹ್ಮದ್ ಝರ್ಕಾ 1938ರಲ್ಲಿ ತೀರಿಕೊಂಡರು. ಅವರ ಪುಸ್ತಕ ಅಚ್ಚಾದದ್ದು 1983ರಲ್ಲಿ.

ಮೌನದ ಅಧ್ಯಾಯ ಒಂದನ್ನೇ ಮತ್ತೆ ಬರೆದು ಕಳಿಸು. ಮುನ್ನುಡಿ ಮಾತ್ರ ಕೇಳಬೇಡ, ನಾನು ಯಾರಿಗೂ ಬರೆದುಕೊಡುವುದಿಲ್ಲ. ಉಮ್ಮನಿಗೆ ಸಲಾಂ ಹೇಳು.