ಪ್ಯಾರಿಸ್‌ಗೆ ಹೋಗುವ ಸ್ಕೇಟರ್‌ಗಳ ಗಮನಕ್ಕೆ

ಮಾನ್ಯ ಸಂಪಾದಕರೇ,

ಪ್ಯಾರಿಸ್‌ಗೆ ಪ್ರವಾಸ ಹೋಗುವ ಕನ್ನಡಿಗರಲ್ಲಿ ಇನ್‌ಲೈನ್ ಸ್ಕೇಟಿಂಗ್ (ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್ ಕಟ್ಟಿ ಜಾರುವುದು) ಬಲ್ಲವರು ಸ್ಕೇಟ್‌ಗಳನ್ನೂ ಜೊತೆಗೊಯ್ಯುವುದು ಒಳಿತು. ಶುಕ್ರವಾರ ರಾತ್ರಿ ಮೊಂಪರ್ನಾಸ್ ಬಳಿಯಿಂದ ಹೊರಡುವ ‘ಪಾರಿ ರೋಲರ್’ ಸಂಘದ ಸಾಮೂಹಿಕ ಸವಾರಿಗೆ ಶುಲ್ಕವಿಲ್ಲ. ಪೊಲೀಸರೂ ಸ್ವಯಂಸೇವಕರೂ ಅಡ್ಡರಸ್ತೆಗಳ ವಾಹನಗಳನ್ನು ತಡೆದು ದಾರಿ ಮಾಡಿಕೊಡುವುದರಿಂದ, ಪರಊರಿನವರೂ ದಾರಿ ತಪ್ಪುವ ಭಯವಿಲ್ಲದೆ ನಗರದ ನಡುವೆಯೇ ಸುಮಾರು 30 ಕಿಲೋಮೀಟರ್ ಸಾಗಬಹುದು. ಆದರೆ ಅಲ್ಲಿ ವೇಗ ಹೆಚ್ಚು. ಇಳಿಜಾರಿನಲ್ಲಿ ಬ್ರೇಕ್ ಹಾಕಲು ಬಾರದವರು, ಎಷ್ಟೇ ಉತ್ಸಾಹವಿದ್ದರೂ, ಭಾನುವಾರ ಮಧ್ಯಾಹ್ನ ಬಾಸ್ಟಿಲ್ ಬಳಿಯಿಂದ ಹೊರಡುವ ನಿಧಾನಗತಿಯ ಸವಾರಿಯನ್ನೇ ಆರಿಸಿಕೊಳ್ಳಬೇಕು. ಮಳೆಯಿಂದ ರಸ್ತೆ ಒದ್ದೆಯಾದರೆ ಸವಾರಿ ರದ್ದಾಗುತ್ತದೆ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಅಗತ್ಯ. ಪ್ರವಾಸ ವಿಮೆ ಸ್ಕೇಟಿಂಗ್‌ನಲ್ಲಿ ಬಿದ್ದು ಆಗುವ ಪೆಟ್ಟಿಗೂ ಅನ್ವಯಿಸುವುದೇ ಎಂದು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು. ನಮ್ಮ ಪ್ರವಾಸ ಸಂಸ್ಥೆಗಳು ಆಸಕ್ತರಿಗಾಗಿ ಶುಕ್ರವಾರದ ಆ ಒಂದು ರಾತ್ರಿಯನ್ನು ಬಿಡುವಾಗಿಡಲಿ.

– ಸ್ಕೇಟಿಂಗ್ ಆಸಕ್ತ, ಮೈಸೂರು