ರೋಥೆನ್‌ಬರ್ಗ್ ಫೋಟೊದ ಜೊತೆ ಆ ಗೋಡೆಯ ಕಥೆಯೂ ಬರಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಜರ್ಮನಿಯ ರೋಥೆನ್‌ಬರ್ಗ್ ಊರಿನ ಕ್ರಿಸ್‌ಮಸ್ ಸಂತೆಯ ಫೋಟೊಗಳನ್ನು ನೋಡಿ ಖುಷಿಯಾಯಿತು. ನಾನಿರುವುದು ಅಲ್ಲಿಗೆ ಹತ್ತಿರದ ವುರ್ಜ್‌ಬರ್ಗ್‌ನಲ್ಲಿ. ಡಿಸೆಂಬರ್ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಸ್ಟೈನಾಖ್‌ನಲ್ಲಿ ರೈಲು ಬದಲಿಸಿ ಆ ಊರಿಗೆ ಹೋಗುವವಳು. ಹಾಗಾಗಿ ಒಂದು ಮಾತು ಹೇಳಲೇಬೇಕು. ಫೋಟೊದ ಕೆಳಗೆ ‘ಮಧ್ಯಯುಗದಿಂದ ಒಂದು ಕಲ್ಲೂ ಅಲುಗದೆ ಉಳಿದ ಊರು’ ಎಂದು ಹಾಕಿದ್ದೀರಿ. ಅದು ಸರಿಯಲ್ಲ.

1945ರ ಮಾರ್ಚ್ 31, ಈಸ್ಟರ್ ಹಿಂದಿನ ದಿನ, ಅಮೆರಿಕದ ವಿಮಾನಗಳು ಈ ಊರಿನ ಮೇಲೆ ಬಾಂಬ್ ಹಾಕಿದವು. ಹಳೇ ಊರಿನ ಸುಮಾರು ಶೇ 40ರಷ್ಟು ಭಾಗ ಹಾಳಾಯಿತು. 300ಕ್ಕೂ ಹೆಚ್ಚು ಮನೆಗಳು ಹೋದವು. ಕೋಟೆ ಗೋಡೆ 600 ಮೀಟರಿಗೂ ಜಾಸ್ತಿ ಉರುಳಿತು. ಪೆಟ್ಟು ಬಿದ್ದಿದ್ದು ಹೆಚ್ಚಾಗಿ ಪೂರ್ವದ ಕಡೆ. ಉಳಿದದ್ದಕ್ಕೂ ಏಪ್ರಿಲ್‌ನಲ್ಲಿ ಅದೇ ಗತಿ ಆಗುತ್ತಿತ್ತೇನೋ. ಊರಿನತ್ತ ಬರುತ್ತಿದ್ದ ಅಮೆರಿಕದ ಸೇನೆಗೆ ಫಿರಂಗಿ ಹಾರಿಸಬೇಡಿ ಎಂದು ತಡೆದವರು ಅಮೆರಿಕದ ಯುದ್ಧ ಇಲಾಖೆಯಲ್ಲಿದ್ದ ಜಾನ್ ಮೆಕ್‌ಕ್ಲಾಯ್. ಅವರ ತಾಯಿ ಹಿಂದೊಮ್ಮೆ ಈ ಊರಿಗೆ ಬಂದಿದ್ದರಂತೆ, ಇದರದೊಂದು ಚಿತ್ರ ಅವರ ಮನೆಯಲ್ಲಿತ್ತಂತೆ. ಗೋಡೆಗೆ ತೂಗುಹಾಕಿದ ಒಂದು ಚಿತ್ರಕ್ಕೆ ಇಷ್ಟು ಶಕ್ತಿ ಇರಬಹುದು ಎಂದು ನೆನೆದರೆ ಫೋಟೊ ತೆಗೆಯುವ ನನ್ನಂಥವರಿಗೆ ಮೈ ಜುಂ ಎನ್ನುತ್ತದೆ.

ಬಿದ್ದ ಗೋಡೆಯನ್ನು ಮತ್ತೆ ಕಟ್ಟಲು ಬೇರೆ ಬೇರೆ ದೇಶದ ಜನ ದುಡ್ಡು ಕೊಟ್ಟರು. ಅವರ ಹೆಸರುಗಳು ಗೋಡೆಯಲ್ಲೇ ಇವೆ. ಮೆಟ್ಟಿಲು ಹತ್ತಿ ಹೋದರೆ ಗೋಡೆಯ ಮೇಲೆ ನಡೆಯುವ ದಾರಿ. ಟಿಕೆಟ್ ಇಲ್ಲ. ತಲೆಯ ಮೇಲೆ ಮರದ ತೊಲೆ, ಹೆಂಚಿನ ಮಾಡು. ಎಷ್ಟು ಇಕ್ಕಟ್ಟು ಅಂದರೆ ಎದುರಿನಿಂದ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಆಗಲೇ ಕಣ್ಣಿಗೆ ಬೀಳುತ್ತವೆ ಆ ಕಲ್ಲುಗಳು. ಒಂದು ಹೆಸರು, ಒಂದು ಊರು, ಕೆಳಗೆ ಅವರು ದುಡ್ಡು ಕೊಟ್ಟ ಗೋಡೆಯ ಅಳತೆ: ‘1 ಮೀಟರ್’. ಜಪಾನಿನವರ ಹೆಸರುಗಳು ಎಷ್ಟೊಂದು! ಡಿಸೆಂಬರ್‌ನಲ್ಲಿ ಸೂರ್ಯ ಹೆಚ್ಚು ಮೇಲೇರುವುದೇ ಇಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿಲು ಮಾಡಿನ ಕೆಳಗಿನಿಂದ ಓರೆಯಾಗಿ ನುಗ್ಗಿ ಈ ಕಲ್ಲುಗಳ ಮೇಲೆ ಬೀಳುತ್ತದೆ. ಕೆತ್ತಿದ ಒಂದೊಂದು ಅಕ್ಷರಕ್ಕೂ ನೆರಳು ಮೂಡುತ್ತದೆ. ನನ್ನ ಪ್ರಕಾರ ಇಡೀ ಊರಿನಲ್ಲಿ ತೆಗೆಯಬೇಕಾದ ಫೋಟೊ ಇದೇ.

ಅಲ್ಲೇ ನಿಂತು ಊರಿನ ಕಡೆ ತಿರುಗಿ. ಯುದ್ಧದ ನಂತರ ಕಟ್ಟಿದ ಮನೆಗಳು ಗುರುತು ಸಿಗುತ್ತವೆ. ಸಾದಾ ಗಾರೆ, ಹೊರಗೆ ಮರದ ಚೌಕಟ್ಟು ಕಡಿಮೆ, ಸಾಲಾಗಿ ಒಂದೇ ಅಳತೆಯ ಕಿಟಕಿಗಳು. ಆದರೆ ಮಾಡಿನ ಕಡಿದಾದ ಇಳಿಜಾರು ಹಳೆಯದೇ, ಬೀದಿಯ ತಿರುವೂ ಹಳೆಯದೇ. ಊರಿನವರು ಕಳೆದುಕೊಂಡದ್ದನ್ನು ಎಷ್ಟು ಪ್ರೀತಿಯಿಂದ ಕಟ್ಟಿಕೊಂಡಿದ್ದಾರೆ ಅಲ್ವಾ? ‘ಅಲುಗದೆ ಉಳಿದ ಊರು’ ಎಂದುಬಿಟ್ಟರೆ ಆ ದುಡಿಮೆಯೆಲ್ಲ ಅಳಿಸಿಹೋಗುತ್ತದೆ.

ನೀವು ಹಾಕಿದ ಫೋಟೊಗಳಲ್ಲಿ ಹೆಚ್ಚಿನವು ಪ್ಲೋನ್‌ಲೈನ್ ಎಂಬ ಬೀದಿ ಮೂಲೆಯವು. ಬೀದಿ ಎರಡಾಗಿ ಒಡೆಯುವ ಕಡೆ ಹಳದಿ ಮನೆ, ಮುಂದೆ ಪುಟ್ಟ ಕಾರಂಜಿ, ಹಿಂದೆ ಎರಡು ಗೋಪುರ. ಚೆಂದವೇ, ಇಲ್ಲ ಅನ್ನಲಾರೆ. ಆದರೆ ಸಂತೆಯ ದಿನಗಳಲ್ಲಿ ಹತ್ತು ಗಂಟೆಯ ಮೇಲೆ ಅಲ್ಲಿ ಕಾಣುವುದು ಮೊಬೈಲ್ ಎತ್ತಿದ ಕೈಗಳು ಮಾತ್ರ. ಬೆಳಿಗ್ಗೆ ಎಂಟಕ್ಕೆ, ಆಗಷ್ಟೇ ಬೆಳಕು ಹರಿಯುವಾಗ ಹೋಗಿ.

ಸಂತೆಗೆ ಮಾತ್ರ ಸಂಜೆಯೇ ಸರಿ. ಸೂರ್ಯ ನಾಲ್ಕೂಕಾಲರ ಆಸುಪಾಸಿನಲ್ಲಿ ಮುಳುಗುತ್ತಾನೆ. ಆಮೇಲಿನ ಅರ್ಧ ಗಂಟೆ ಆಕಾಶ ಕಡುನೀಲಿ, ಟೌನ್‌ಹಾಲ್ ಪಕ್ಕದ ಮಳಿಗೆಗಳಲ್ಲಿ ಹಳದಿ ದೀಪ. ಕಪ್ಪಾದ ಮೇಲೆ ತೆಗೆದರೆ ಮಾಡುಗಳ ಅಂಚೇ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೊದಲ್ಲಿ ಬಿಡಬೇಡಿ, ದೀಪದ ಬೆಚ್ಚನೆಯ ಬಣ್ಣ ಸಪ್ಪೆಯಾಗಬಹುದು. ಜನರ ನಡುವೆ ಟ್ರೈಪಾಡ್ ಬೇಡ, ಎಡವುತ್ತಾರೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿಡಿ. ಯಾರದಾದರೂ ಮುಖವನ್ನು ಹತ್ತಿರದಿಂದ ತೆಗೆಯುವ ಮುಂಚೆ ಕೇಳಿ, ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳಲೇಬೇಕು. ಒಬ್ಬರ ಚಿತ್ರವನ್ನು ಪ್ರಕಟಿಸಲು ಅವರ ಒಪ್ಪಿಗೆ ಬೇಕೆಂಬ ಕಾನೂನು ಜರ್ಮನಿಯಲ್ಲಿ 1907ರಿಂದಲೇ ಇದೆ. ಗುಂಪಿನ ಚಿತ್ರಕ್ಕೆ ವಿನಾಯಿತಿ ಉಂಟು, ಆದರೆ ಒಬ್ಬರನ್ನೇ ಗುರಿಯಿಟ್ಟು ತೆಗೆದದ್ದಕ್ಕೆ ಅದು ಸಲ್ಲುವುದಿಲ್ಲ.

ಸಂತೆ ಡಿಸೆಂಬರ್ 23ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ನಿಮ್ಮ ಓದುಗರಲ್ಲಿ ಯಾರಾದರೂ ಅಲ್ಲಿಗೆ ಹೋಗುವವರಿರಬಹುದು. ದಯವಿಟ್ಟು ಮುಂದಿನ ಪುರವಣಿಯಲ್ಲೇ ತಿದ್ದುಪಡಿ ಹಾಕಿ. ಹೆಸರು ಕೆತ್ತಿದ ಕಲ್ಲುಗಳ ಫೋಟೊ ನನ್ನ ಬಳಿ ಇವೆ. ಬೇಕೆಂದರೆ ಇವತ್ತೇ ಕಳಿಸುತ್ತೇನೆ, ಸಂಭಾವನೆ ಬೇಡ.

ಇಂತಿ,
ನಿಮ್ಮ ಓದುಗಿ, ವುರ್ಜ್‌ಬರ್ಗ್, ಜರ್ಮನಿ