ರೋಬಾಟ್‌ಗಳಿಗೂ ಒಂದು ಊರ ಕಣ ಬೇಕು

ಮಾನ್ಯ ಸಂಪಾದಕರೇ,

ಗದ್ದೆಗಳಲ್ಲಿ ಡ್ರೋನ್‌ನಿಂದ ಔಷಧ ಸಿಂಪಡಿಸಿದ ಸುದ್ದಿ, ಅದರ ಮಗ್ಗುಲಲ್ಲೇ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೋಬಾಟ್ ತಯಾರಿಸಿದ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಓದಿ ಸಂತೋಷಪಡುತ್ತೇನೆ. ಆದರೆ ಚಿತ್ರದಲ್ಲಿ ಯಾವಾಗಲೂ ಒಂದು ಯಂತ್ರ, ಅದರ ಸುತ್ತ ಹತ್ತು ಜನ. ಹತ್ತು ಯಂತ್ರಗಳು ಕೂಡಿ ಒಂದು ಕೆಲಸ ಮಾಡುವ ಚಿತ್ರವನ್ನು ನಮ್ಮ ಭಾಗದಿಂದ ನಾನಿನ್ನೂ ಕಂಡಿಲ್ಲ.

ಕಳೆದ ವರ್ಷ ಒಂದು ಕಾಲೇಜಿನ ಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ರಾಯಚೂರು, ಕೊಪ್ಪಳ, ಬಳ್ಳಾರಿಗಳಿಂದ ಹನ್ನೊಂದು ತಂಡಗಳು ಬಂದಿದ್ದವು. ಹನ್ನೊಂದೂ ಕಪ್ಪು ಗೆರೆ ಹಿಡಿದು ಓಡುವ ಬಂಡಿಗಳೇ. ಎರಡನ್ನು ಒಂದೇ ಗೆರೆಯ ಮೇಲೆ ಎದುರುಬದುರು ಬಿಡಿ ಎಂದೆ. ಡಿಕ್ಕಿ ಹೊಡೆದುಕೊಂಡು, ಚಕ್ರ ತಿರುಗಿಸುತ್ತ ಅಲ್ಲೇ ನಿಂತವು. ಒಂದಕ್ಕೆ ಬ್ಲೂಟೂತ್, ಇನ್ನೊಂದಕ್ಕೆ ವೈಫೈ. ಒಂದು ದೂರವನ್ನು ಸೆಂಟಿಮೀಟರಿನಲ್ಲಿ ಅಳೆದರೆ ಮತ್ತೊಂದು ಚಕ್ರದ ಸುತ್ತುಗಳಲ್ಲಿ ಎಣಿಸುತ್ತಿತ್ತು. ಹಿಂದಿನ ವರ್ಷದ ಬಂಡಿಗಳೆಲ್ಲಿ ಎಂದು ಕೇಳಿದೆ. ಬೀರುವಿನ ಮೇಲೆ ಧೂಳು ಹಿಡಿದು ಕುಳಿತಿದ್ದವು. ಪ್ರತಿ ವರ್ಷವೂ ಹುಡುಗರು ಚಕ್ರ ಜೋಡಿಸುವುದರಿಂದಲೇ ಶುರು ಮಾಡುತ್ತಾರೆ. ಈ ತಪ್ಪು ಅವರದಲ್ಲ, ನನ್ನಂಥ ಮೇಷ್ಟರದು.

ನಮ್ಮ ಹಳ್ಳಿಗಳಲ್ಲಿ ಸ್ವಂತ ಕಣವಿಲ್ಲದವರು ನೆರೆಯವರ ಕಣದಲ್ಲಿ ರಾಶಿ ಮಾಡಿಕೊಳ್ಳುತ್ತಿದ್ದರು. ಯಾರ ಜೋಳ ಎಷ್ಟು ಚೀಲವಾಯಿತೆಂದು ಊರಿಗೇ ಗೊತ್ತಾಗುತ್ತಿತ್ತು. ರೋಬಾಟ್ ಸಂಶೋಧಕರು ಇಂಥ ಕಣದ ಬೆಲೆಯನ್ನು ತಡವಾಗಿ ಅರಿತರು. 1997ರಲ್ಲಿ ಜಪಾನಿನ ನಗೋಯಾದಲ್ಲಿ ರೋಬಾಟ್‌ಗಳ ‘ರೊಬೊಕಪ್’ ಫುಟ್‌ಬಾಲ್ ಮೊದಲಾದಾಗ ಆಯಾ ವಿಭಾಗದ ಎಲ್ಲರಿಗೂ ಒಂದೇ ಬಗೆಯ ಮೈದಾನ, ಒಂದೇ ನಿಯಮವಿತ್ತು. ಯಾರ ವಿಧಾನ ಮೇಲು ಎಂಬುದು ಕಣ್ಣೆದುರೇ ತೀರ್ಮಾನವಾಯಿತು. 2014ರಲ್ಲಿ ಹಾರ್ವರ್ಡ್‌ನಲ್ಲಿ ರಾಧಿಕಾ ನಾಗಪಾಲ್ ಮತ್ತು ಸಂಗಡಿಗರು ‘ಕಿಲೊಬಾಟ್’ ಎಂಬ 1,024 ಪುಟ್ಟ ರೋಬಾಟ್‌ಗಳಿಂದ ನಕ್ಷತ್ರದ ಆಕಾರ ಕಟ್ಟಿಸಿದರು. ಕಟ್ಟಬೇಕಾದ ಆಕಾರವೊಂದನ್ನು ಬಿಟ್ಟರೆ ಒಂದೊಂದಕ್ಕೂ ತಿಳಿಯುತ್ತಿದ್ದುದು ಪಕ್ಕದಲ್ಲಿರುವವರ ಸುಳಿವು ಮಾತ್ರ. ಅದಕ್ಕಿಂತ ದೊಡ್ಡ ಮಾತೆಂದರೆ, ಅದರ ವಿನ್ಯಾಸವನ್ನು ಅವರು ಬಚ್ಚಿಡದೆ ಬೇರೆಯವರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ 2017ರಲ್ಲಿ ತೆರೆದ ‘ರೊಬೊಟೇರಿಯಂ’ಗೆ ಮನೆಯಲ್ಲೇ ಕುಳಿತು ಪ್ರೋಗ್ರಾಂ ಕಳಿಸಬಹುದು. ಅಲ್ಲಿಯ ರೋಬಾಟ್‌ಗಳು ಅದನ್ನು ನಡೆಸಿ ತೋರಿಸುತ್ತವೆ, ಅಂಕಿಅಂಶ ನಮಗೆ ಮರಳಿ ಬರುತ್ತದೆ.

ತಂತ್ರಾಂಶದ್ದೂ ಇದೇ ಕಥೆ. 2007ರ ಸುಮಾರಿಗೆ ಶುರುವಾದ ‘ರಾಸ್’ (ರೋಬಾಟ್ ಆಪರೇಟಿಂಗ್ ಸಿಸ್ಟಂ) ಎಂಬ ತಂತ್ರಾಂಶ ಇಂದು ರೋಬಾಟ್‌ಗಳ ಆಡುಭಾಷೆಯಂತಾಗಿದೆ. ಆದರೆ ಅದರ ಹಳೆಯ ರೂಪದಲ್ಲಿ ಯಾರು ಯಾರೊಡನೆ ಮಾತನಾಡಬೇಕೆಂಬ ಲೆಕ್ಕವನ್ನು ‘ಮಾಸ್ಟರ್’ ಎಂಬ ಒಂದೇ ಪ್ರೋಗ್ರಾಂ ಇಟ್ಟುಕೊಳ್ಳುತ್ತಿತ್ತು. ಒಂದು ರೋಬಾಟ್‌ಗೆ ಇದು ಸಾಕು. ಗುಂಪಿನಲ್ಲಿ ಮಾಸ್ಟರ್‌ನೊಡನೆ ಸಂಪರ್ಕ ತಪ್ಪಿದ ರೋಬಾಟ್‌ಗೆ ಹೊಸ ಗೆಳೆಯರು ಸಿಗುವುದಿಲ್ಲ. ಇಡೀ ಕಾಲುವೆಯನ್ನು ಒಬ್ಬ ನೀರುಗಂಟಿಯ ಕೈಗೆ ಕೊಟ್ಟರೆ ಏನಾಗುತ್ತದೆಂದು ತುಂಗಭದ್ರಾ ಎಡದಂಡೆಯ ಕೊನೆಯ ಭಾಗದ ರೈತರಿಗೆ ನಾನು ಹೇಳಿಕೊಡಬೇಕಿಲ್ಲ. 2017ರ ಕೊನೆಗೆ ಬಂದ ‘ರಾಸ್ 2’ ಆ ಒಬ್ಬನನ್ನೇ ತೆಗೆದುಹಾಕಿತು. ನಮ್ಮ ಕೆಲವು ಪ್ರಯೋಗಾಲಯಗಳು ಇನ್ನೂ ಹಳೆಯದನ್ನೇ ಕಲಿಸುತ್ತಿವೆ.

ಕಂಪ್ಯೂಟರ್ ಪರದೆಯ ಮೇಲೆ ನೂರು ರೋಬಾಟ್ ಓಡಿಸಿ ಪ್ರಬಂಧ ಬರೆಯುವುದು ಸುಲಭ. ಅಲ್ಲಿ ಚಕ್ರ ಜಾರಬೇಕು, ಸಂದೇಶ ಕಳೆದುಹೋಗಬೇಕು ಎಂದು ನಾವೇ ಬರೆದುಕೊಟ್ಟರೆ ಮಾತ್ರ ಹಾಗಾಗುತ್ತದೆ. ಬಿಸಿಲಿನಲ್ಲಿ ಅವು ಕೇಳದೆಯೇ ಆಗುತ್ತವೆ, ಅದೂ ನೂರು ಕಡೆ ಒಟ್ಟಿಗೆ.

ಆದ್ದರಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ನನ್ನದೊಂದು ಬೇಡಿಕೆ. ಕಾಲೇಜಿಗೊಂದರಂತೆ ರಿಬ್ಬನ್ ಕತ್ತರಿಸುವ ಪ್ರಯೋಗಾಲಯ ಬೇಡ. ರಾಯಚೂರಿನಲ್ಲಿ ಐಐಐಟಿ ಇದೆ, ಕೃಷಿ ವಿಶ್ವವಿದ್ಯಾಲಯವೂ ಇದೆ. ಇವೆರಡರ ನಡುವೆ, ಮೂರೂ ಜಿಲ್ಲೆಗಳ ವಿದ್ಯಾರ್ಥಿಗಳು ಬಂದು ಬಳಸುವ ಒಂದೇ ಕಣ ಮಾಡಿ. ಒಂದೇ ಬಗೆಯ ಇಪ್ಪತ್ತು ಸಣ್ಣ ರೋಬಾಟ್‌ಗಳು, ಮೇಲಿನಿಂದ ನೋಡುವ ಒಂದು ಕ್ಯಾಮೆರಾ, ಎಲ್ಲರಿಗೂ ಒಂದೇ ಪರೀಕ್ಷೆ, ಯಾರು ಬೇಕಾದರೂ ತೆರೆದು ನೋಡಬಹುದಾದ ದಾಖಲೆ ಇದ್ದರೆ ಸಾಕು. ಐಐಟಿ ಬಾಂಬೆಯ ಇ-ಯಂತ್ರ ಯೋಜನೆ ದೇಶದ ಎಷ್ಟೋ ಕಾಲೇಜುಗಳಿಗೆ ರೋಬಾಟ್ ಪ್ರಯೋಗಾಲಯ ಕಟ್ಟಿಕೊಳ್ಳಲು ನೆರವಾಗಿದೆ. ಅವರ ಅನುಭವ ಕೇಳಿದರೆ ಯಾರ ಗೌರವವೂ ಕಡಿಮೆಯಾಗದು.

ಕಣದ ನೆಲಕ್ಕೆ ಮಾತ್ರ ದಯವಿಟ್ಟು ಟೈಲ್ಸ್ ಹಾಕಬೇಡಿ. ಅರ್ಧ ಎಕರೆ ಎರೆಭೂಮಿಯನ್ನು ಹಾಗೇ ಬಿಡಿ, ಹತ್ತಿ ಸಾಲು ಇರಲಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ, ಎರಡು ಮಳೆಗೆ ಚಕ್ರಕ್ಕೆ ಮೆತ್ತಿಕೊಳ್ಳುವ ಆ ಮಣ್ಣು ಅಟ್ಲಾಂಟಾದ ಕಣದಲ್ಲಿಲ್ಲ. ಮೊದಲ ದಿನದ ದಾಖಲೆಯಲ್ಲಿ ‘ಇಪ್ಪತ್ತರಲ್ಲಿ ಹತ್ತೊಂಬತ್ತು ಕೆಸರಿನಲ್ಲಿ ಹೂತವು’ ಎಂದೇ ಬರೆಯಬೇಕಾಗಬಹುದು. ಬರೆಯಲಿ. ಮೂರು ವರ್ಷದ ಮೇಲೆ ಕೊಪ್ಪಳದ ಯಾವಳೋ ಹುಡುಗಿ ಆ ಪುಟ ತೆರೆದು, ಉಳಿದ ಒಂದು ಏಕೆ ಹೂಳಲಿಲ್ಲ ಎಂದು ಕೇಳುವಂತಿರಲಿ.

— ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ರಾಯಚೂರು